ನಿಪ್ಪಾಣಿಗೆ ಬಂದ ಕಿವಿಯ ಬಾಯಾರು

ಮೇಜಿನ ಈಚೆ ಕೂತು ಪ್ರಶ್ನೆ ಕೇಳುವವರು ದೊಡ್ಡವರು, ಆಚೆ ಕೂತು ಉತ್ತರ ಹೇಳುವವರು ಸಣ್ಣವರು ಎಂಬ ಭ್ರಮೆ ನನಗೆ ಬಹಳ ವರ್ಷ ಇತ್ತು. ಕಾರಣ, ನಾನೇ ಒಂದು ಕಾಲಕ್ಕೆ ಆಚೆ ಕೂತು ಬೆವರಿದವನು. ನ್ಯೂಟನ್ನನ ನಿಯಮಗಳಲ್ಲಿ ಎರಡನ್ನು ಹೇಳಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಗಂಟಲು ಒಣಗಿ ನೀರು ಕೇಳಿದವನು. ಒಮ್ಮೆಯಾದರೂ ಈಚೆ ಕೂರಬೇಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ‘ಹೂಂ, ಮುಂದೆ?’ ಎನ್ನಬೇಕು ಎಂಬುದು ನನ್ನ ದೊಡ್ಡ ಆಸೆಗಳಲ್ಲಿ ಒಂದಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಆ ಯೋಗ ಬಂದೇಬಿಟ್ಟಿತು. ಬಂದ ರೀತಿ ಮಾತ್ರ ನಾನು ಎಣಿಸಿದ ಹಾಗಿರಲಿಲ್ಲ.

ಆಗ ನಾನು ನಿಪ್ಪಾಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಹತ್ತಿರದ ಬೋರಗಾಂವದ ಜೈನ ಮನೆತನದ ಹಿರಿಯರು. ಹೊಲದಲ್ಲಿ ಕಬ್ಬು, ಮನೆಯ ಹಿಂದೆ ಪವರ್‌ಲೂಮು ಇಟ್ಟುಕೊಂಡಿದ್ದ ಅವರನ್ನು ಸಣ್ಣವರು ದೊಡ್ಡವರೆಲ್ಲ ‘ದಾದಾ’ ಎಂದೇ ಕರೆಯುತ್ತಿದ್ದರು. ಅವರ ಮೊಮ್ಮಗಳು ಪದ್ಮಾ ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ಮಾತಾಡುತ್ತಿರಲಿಲ್ಲ. ದಾದಾ ಅವಳನ್ನು ಎಲ್ಲೆಲ್ಲೋ ಕರೆದೊಯ್ದು ತೋರಿಸಿದ್ದರು. ಬೆಳೆದಂತೆ ಸರಿಹೋಗುತ್ತದೆ ಎಂದವರಿದ್ದರು, ಇವಳಿಗೆ ಏನೇನೂ ಕೇಳಿಸುವುದಿಲ್ಲ ಎಂದು ಕೈಚೆಲ್ಲಿದವರೂ ಇದ್ದರು. ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆದು ಹೇಳುವುದಕ್ಕೆ ಶ್ರವಣವಿಜ್ಞಾನ ಎಂಬ ಬೇರೆ ಶಾಸ್ತ್ರವೇ ಇದೆ ಎಂದು ತಿಳಿದದ್ದೇ ತಡ, ದಾದಾ ವಿಶ್ವವಿದ್ಯಾಲಯಕ್ಕೆ ಅಲೆದು ಅಲೆದು, ಆ ವಿಭಾಗವನ್ನು ನಮ್ಮ ಕಾಲೇಜಿನ ಆವರಣದಲ್ಲೇ ತೆರೆಯಲು ಒಪ್ಪಿಸಿಬಿಟ್ಟರು. ವಿಶ್ವವಿದ್ಯಾಲಯದವರು ಒಂದು ಶರತ್ತು ಹಾಕಿದರು: ಅಧ್ಯಾಪಕರನ್ನು ನೀವೇ ಹುಡುಕಬೇಕು. ದೀಪಾವಳಿಯೊಳಗೆ ಸಿಗದಿದ್ದರೆ ವಿಭಾಗ ಬೇರೆ ಊರಿಗೆ ಹೋಗುತ್ತದೆ.

ದಾದಾ ನನ್ನನ್ನು ಕರೆಸಿದರು. “ಸರ್ರ, ನೀವು ಸೌಂಡ್ ಅಂತ ಏನೋ ಕಲಸ್ತೀರಂತಲ್ಲ?”

“ಹೌದ್ರಿ ದಾದಾ. ಪುಸ್ತಕದಾಗ ಒಂದು ಪಾಠ ಐತ್ರಿ.”

“ಒಂದು ಸಾಕ್ರಿ. ನಮಗ ಅದೂ ಗೊತ್ತಿಲ್ಲ. ಇದನ್ನ ಕಲಸೂ ಮನಶ್ಯಾನ್ನ ಹುಡುಕಿ ತರೂದು ನಿಮ್ಮ ಜವಾಬ್ದಾರಿ.”

ಹೀಗೆ ನಾನು ಆಯ್ಕೆ ಸಮಿತಿಯ ಕಾರ್ಯದರ್ಶಿಯಾದೆ. ಹೊಸ ಕನ್ನಡಕ ಮಾಡಿಸಿಕೊಂಡೆ. ಕನ್ನಡ, ಮರಾಠಿ ಎರಡೂ ಪತ್ರಿಕೆಗಳಲ್ಲಿ ‘ಹಿಯರಿಂಗ್ ಸೈನ್ಸ್, ಅಂದರೆ ಶ್ರವಣವಿಜ್ಞಾನ ಕಲಿಸುವ ಅಧ್ಯಾಪಕರು ಬೇಕಾಗಿದ್ದಾರೆ’ ಎಂದು ಜಾಹೀರಾತು ಕೊಟ್ಟೆ. ನಮ್ಮ ಸೀಮೆಯಲ್ಲಿ ಇಷ್ಟೊಂದು ಜನ ಈ ಶಾಸ್ತ್ರದಲ್ಲಿ ಪಂಡಿತರಿದ್ದಾರೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಮೊದಲು ಬಂದವರು ಅಥಣಿ ಕಡೆಯ ಒಬ್ಬ ಕೀರ್ತನಕಾರರು. ಭಕ್ತಿಯ ಒಂಬತ್ತು ಬಗೆಗಳಲ್ಲಿ ಶ್ರವಣವೇ ಮೊದಲನೆಯದು, ತಾವು ಮೂವತ್ತು ವರ್ಷದಿಂದ ಜನರಿಗೆ ಅದನ್ನೇ ಮಾಡಿಸುತ್ತಿದ್ದೇವೆ ಎಂದು ತಾಳ ಸಮೇತ ಬಂದು ಕೂತರು. ಶೇಡಬಾಳದ ನಿವೃತ್ತ ಮಾಸ್ತರರೊಬ್ಬರು ಶ್ರವಣವನ್ನು ಶ್ರಮಣ ಎಂದು ಓದಿಕೊಂಡು, ಜೈನ ಮುನಿಗಳ ಆಚಾರದ ಬಗ್ಗೆ ವರ್ಷವಿಡೀ ಉಪನ್ಯಾಸ ಕೊಡಲು ತಯಾರಾಗಿ ಬಂದರು. ಎಲ್ಲರಿಗಿಂತ ಆತ್ಮವಿಶ್ವಾಸದಿಂದ ಬಂದವರು ರಾಯಬಾಗದ ವಕೀಲರು. “ಕೋರ್ಟಿನ್ಯಾಗ ಇಷ್ಟ ವರ್ಷ ಹಿಯರಿಂಗ್ ಬಿಟ್ಟ ಮತ್ತೇನೂ ಮಾಡಿಲ್ರಿ ನಾ. ಅದರಾಗೂ ಹಿಯರಿಂಗ್ ಮುಂದಕ ಹಾಕಸೂದ್ರಾಗ ನನ್ನ ಸರಿಸಮ ಈ ಜಿಲ್ಲಾದಾಗ ಯಾರೂ ಇಲ್ಲ” ಎಂದರು. ಎಲ್ಲರಿಗೂ ಚಹಾ ಕೊಟ್ಟು ಕಳಿಸಿದೆವು.

ದೀಪಾವಳಿ ಹತ್ತಿರ ಬರುತ್ತಿತ್ತು. ದಾದಾ ಎದುರಿಗೆ ಸಿಕ್ಕರೆ ನಾನು ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದೆ. ಅಷ್ಟರಲ್ಲಿ ಮೈಸೂರಿನಿಂದ ಫೋನು ಬಂತು. ಕರೆ ಮಾಡಿದವರು ನಳಿನಿ ಎಂಬವರು. ನಿಜವಾಗಿಯೂ ಶ್ರವಣವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದರು! ಪುಣೆಯ ಒಂದು ದೊಡ್ಡ ಆಸ್ಪತ್ರೆ ಅವರನ್ನು ಕರೆದಿತ್ತು. ಹೇಗೂ ಬಸ್ಸು ನಿಪ್ಪಾಣಿಯ ಮೇಲೇ ಹೋಗುತ್ತದೆ, ಒಂದು ದಿನ ಇಳಿದು ನಿಮ್ಮ ಕಾಲೇಜು ನೋಡಿ ಹೋಗುತ್ತೇನೆ ಎಂದರು. ಫೋನು ಇಟ್ಟವನೇ ಸ್ಟಾಫ್ ರೂಮಿನೊಳಗೆ ಓಡಿದೆ. ನನ್ನ ಮುಖ ನೋಡಿದ ಸಹೋದ್ಯೋಗಿಗಳು ಲಾಟರಿ ಹೊಡೆಯಿತೆಂದೇ ತಿಳಿದರು.

ಅವರು ಬರುವ ದಿನ ಊರಿನ ಉತ್ಸಾಹ ಹೇಳತೀರದು. ದಾದಾ ಹಾರ ತಂದರು, ಪೇಢೆ ತಂದರು. ಅಷ್ಟಕ್ಕೇ ನಿಲ್ಲಿಸದೆ ಮದುವೆ ಮೆರವಣಿಗೆಗೆ ಬಾರಿಸುವ ಬ್ಯಾಂಜೋ ಪಾರ್ಟಿಯನ್ನೂ ಬಸ್‌ಸ್ಟ್ಯಾಂಡಿಗೆ ಕರೆಸಿದರು. ಬಸ್ಸಿನಿಂದ ತೆಳ್ಳನೆಯ ತರುಣಿಯೊಬ್ಬರು ಒಂದು ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದದ್ದೇ ತಡ, ನಾಲ್ಕು ಡೋಲು, ಎರಡು ಧ್ವನಿವರ್ಧಕ ಒಟ್ಟಿಗೇ ಶುರುವಾದವು. ಶ್ರವಣವಿಜ್ಞಾನದ ಅಭ್ಯರ್ಥಿ ಮೊದಲು ಮಾಡಿದ ಕೆಲಸವೆಂದರೆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕಿವಿಗೆ ಬೆರಳಿಟ್ಟುಕೊಂಡದ್ದು.

ಸಂದರ್ಶನ ಆರಂಭವಾಯಿತು. ನಾನು ಹೊಸ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. “ಗಾಳಿಯಲ್ಲಿ ಶಬ್ದದ ವೇಗ ಎಷ್ಟು?” ಎಂದು ಗಂಭೀರವಾಗಿ ಕೇಳಿದೆ.

“ಎಷ್ಟು ಉಷ್ಣತೇಲಿ, ಸರ್?” ಎಂದರು ನಳಿನಿ.

ನಾನು ನೀರು ಕುಡಿದೆ. ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ಮೇಜಿನ ಆಚೆಯಿಂದಲೇ ಬಂದವು. ವಿದ್ಯಾರ್ಥಿಗಳು ಎಷ್ಟು? ಸುತ್ತಲ ಹಳ್ಳಿಗಳಲ್ಲಿ ಕಿವಿ ಕೇಳದ ಮಕ್ಕಳನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ಕೊನೆಗೆ ಕೇಳಿದರು: “ಪರೀಕ್ಷೆ ಮಾಡೋದಕ್ಕೆ ಸದ್ದಿಲ್ಲದ ಕೋಣೆ ಬೇಕು. ಎಲ್ಲಿದೆ, ಸರ್?”

ಆ ಕ್ಷಣಕ್ಕೆ ಹೊರಗೆ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಮರಾಠಿ ಹಾಡು ಹಾಕಿಕೊಂಡು ಹೋಯಿತು. ಅದು ದಾಟಿದ ಮೇಲೆ ದಾದಾ, “ಹುಡುಕೂಣು ಬರ್ರಿ ಬಾಯಾರ” ಎಂದು ಎದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಬಾಯಾರು ಎಂದೇ ಕರೆಯುವುದು. ಇಡೀ ಆಯ್ಕೆ ಸಮಿತಿ ಅಭ್ಯರ್ಥಿಯ ಹಿಂದೆ ಹೊರಟಿತು. ಗ್ರಂಥಾಲಯದಲ್ಲಿ ‘ಸದ್ದು ಮಾಡಬೇಡಿ’ ಎಂಬ ಹಲಗೆಯ ಕೆಳಗೇ ಇಬ್ಬರು ಜಗಳಾಡುತ್ತಿದ್ದರು. ಪ್ರಿನ್ಸಿಪಾಲರ ಕೋಣೆಯಲ್ಲಿ ಟೈಪ್‌ರೈಟರು ಬಡಿಯುತ್ತಿತ್ತು. ಆಗ ಸಮಿತಿಯ ಇನ್ನೊಬ್ಬ ಸದಸ್ಯರಾಗಿದ್ದ ತಂಬಾಕಿನ ವ್ಯಾಪಾರಿಗೆ ಒಂದು ಯೋಚನೆ ಹೊಳೆಯಿತು. “ನಮ್ಮ ವಖಾರ ನೋಡ್ರಿ. ದಪ್ಪ ಗ್ವಾಡಿ, ಮಾಳಿಗಿತನಾ ತಂಬಾಕಿನ ಬೋದು. ಒಳಗ ನಿಂತರ ಹೊರಗ ಗುಡುಗಿದರೂ ಗೊತ್ತಾಗೂದಿಲ್ಲ.”

ಗೋಡೆಯುದ್ದಕ್ಕೂ ತಂಬಾಕಿನ ಮೂಟೆ ಒಟ್ಟಿದ್ದ ಆ ಗೋದಾಮಿಗೆ ಹೋದೆವು. ಒಳಗೆ ಹೆಜ್ಜೆಯಿಟ್ಟ ನಳಿನಿ ಒಂದು ಚಪ್ಪಾಳೆ ತಟ್ಟಿದರು. ಸದ್ದು ಹುಟ್ಟಿದಲ್ಲೇ ಸತ್ತಿತು. ಅವರ ಕಣ್ಣು ಅರಳಿದವು. “ಅದ್ಭುತವಾಗಿದೆ! ಇಂಥ ಕೋಣೆ ಮೈಸೂರಲ್ಲೂ...” ಎನ್ನುವಷ್ಟರಲ್ಲಿ ಸೀನಿದರು. ನಾನು ಸೀನಿದೆ. ದಾದಾ ಸೀನಿದರು. ಆಮೇಲೆ ಯಾರು ಯಾವಾಗ ಸೀನಿದರೆಂದು ಹೇಳುವುದು ಕಷ್ಟ. ನಿಪ್ಪಾಣಿಯಲ್ಲಿಯೇ ಅತ್ಯಂತ ನಿಶ್ಶಬ್ದವಾದ ಜಾಗದಿಂದ ನಾವೆಲ್ಲ ಅತ್ಯಂತ ಗದ್ದಲದೊಂದಿಗೆ ಹೊರಗೆ ಬಂದೆವು.

ಕಣ್ಣೊರೆಸಿಕೊಳ್ಳುತ್ತ ನಳಿನಿ ನಕ್ಕರು. “ತಂಬಾಕೇ ಆಗ್ಬೇಕು ಅಂತಿಲ್ಲ. ಗೋಡೆಗೆ ದಪ್ಪವಾಗಿ, ಮೆತ್ತಗೆ ಏನಾದ್ರೂ ಇದ್ರೆ ಸಾಕು. ಹಾಸಿಗೆ ಥರ...”

“ಗಾದಿ!” ಎಂದು ದಾದಾ ಕೂಗಿದರು.

ಅಂದು ಮಧ್ಯಾಹ್ನ ಬೋರಗಾಂವದ ದಾದಾ ಮನೆಯಲ್ಲಿ ಮದುವೆಗೆಂದು ಕಟ್ಟಿಟ್ಟಿದ್ದ ಗಾದಿಗಳೆಲ್ಲ ಟ್ರ್ಯಾಕ್ಟರ್ ಹತ್ತಿ ಬಂದವು. ಅವು ಸಾಲದೆಂದು ಸಮಿತಿಯ ಸದಸ್ಯರ ಮನೆಗಳಿಂದಲೂ ಬಂದವು. ನಮ್ಮ ಮನೆಯದನ್ನು ನಾನೇ ತಲೆಯ ಮೇಲೆ ಹೊತ್ತು ತಂದೆ. ಕಾಲೇಜಿನ ಹಿಂದಿನ ದಾಸ್ತಾನು ಕೋಣೆಯ ಗೋಡೆಗಳಿಗೆ, ಬಾಗಿಲಿಗೆ, ಕಿಟಕಿಗೆ ಹೂವಿನ ಚಿತ್ತಾರದ, ಪಟ್ಟೆಪಟ್ಟೆಯ ಗಾದಿಗಳನ್ನು ನಿಲ್ಲಿಸಿ ಕಟ್ಟಿದೆವು. ನಳಿನಿ ತಮ್ಮ ಪೆಟ್ಟಿಗೆ ತೆರೆದರು. ಅದು ಕಿವಿಯನ್ನು ಅಳೆಯುವ ಯಂತ್ರ. “ಸಂದರ್ಶನದಲ್ಲಿ ಪಾಠ ಮಾಡಿ ತೋರಿಸ್ಬೇಕಲ್ವಾ? ಯಾರನ್ನ ಪರೀಕ್ಷೆ ಮಾಡ್ಲಿ?” ಎಂದು ಕೇಳಿದರು. ದಾದಾ ಹೊರಗೆ ಹೋಗಿ, ಗಾದಿಗಳ ಜೊತೆ ಟ್ರ್ಯಾಕ್ಟರಿನಲ್ಲಿ ಬಂದಿದ್ದ ಪದ್ಮಾಳನ್ನು ಕೈಹಿಡಿದು ಕರೆತಂದರು.

ಮಗುವಿನ ಕಿವಿಗೆ ಹೆಡ್‌ಫೋನು ಹಾಕಿ, ಮುಂದೆ ಒಂದು ತಟ್ಟೆಯಲ್ಲಿ ಹುರಿದ ಶೇಂಗಾ, ಪಕ್ಕದಲ್ಲಿ ಖಾಲಿ ಬಟ್ಟಲು ಇಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒಂದು ಶೇಂಗಾ ಬಟ್ಟಲಿಗೆ ಹಾಕಬೇಕು ಎಂದು ಸನ್ನೆಯಲ್ಲೇ, ನಗುನಗುತ್ತ ಕಲಿಸಿದರು. ಯಂತ್ರದ ಗುಂಡಿ ತಿರುಗಿತು. ಪದ್ಮಾ ಸುಮ್ಮನೆ ಕೂತಿದ್ದಳು. ಇನ್ನಷ್ಟು ತಿರುಗಿತು. ಸುಮ್ಮನೇ ಕೂತಿದ್ದಳು. ನಾವು ಮೂಲೆಯಲ್ಲಿ ಗಾದಿಗೆ ಒರಗಿ ಉಸಿರು ಬಿಗಿಹಿಡಿದು ನಿಂತಿದ್ದೆವು. ನಳಿನಿ ಮತ್ತೂ ಸ್ವಲ್ಪ ತಿರುಗಿಸಿದರು. ಮಗುವಿನ ಹುಬ್ಬು ಮೇಲೇರಿತು. ಯಾರೋ ಬಾಗಿಲು ತಟ್ಟಿದರೇನೋ ಎಂಬಂತೆ ಸುತ್ತ ನೋಡಿ, ಒಂದು ಶೇಂಗಾ ಎತ್ತಿ, ಟಣ್ಣನೆ ಬಟ್ಟಲಿಗೆ ಹಾಕಿದಳು. ಮತ್ತೆ ಇನ್ನೊಂದು. ಆಮೇಲೆ ಖುಷಿ ತಾಳಲಾರದೆ ಒಂದನ್ನು ಬಾಯಿಗೂ ಹಾಕಿಕೊಂಡಳು.

ಪರೀಕ್ಷೆ ಮುಗಿಸಿದ ನಳಿನಿ ದಾದಾ ಕಡೆ ತಿರುಗಿದರು. “ಕಿವಿ ಪೂರ್ತಿ ಹೋಗಿಲ್ಲ. ಶ್ರವಣಯಂತ್ರ ಹಾಕಿದ್ರೆ ಮಾತು ಕೇಳಿಸತ್ತೆ. ದಿನಾ ಕಲಿಸೋರಿದ್ರೆ ನಿಧಾನವಾಗಿ ಮಾತಾಡ್ತಾಳೆ.”

ದಾದಾ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಬಾಯಾರ, ಇನ್ನೊಮ್ಮೆ ಹೇಳ್ರಿ.” ನಳಿನಿ ತುಸು ಜೋರಾಗಿ ಹೇಳಹೊರಟಾಗ ತಡೆದರು. “ಕೇಳಿಸ್ಲಿಲ್ಲ ಅಂತಲ್ರಿ. ಇನ್ನೊಮ್ಮೆ ಕೇಳಬೇಕನಸ್ತೈತಿ.”

ಅಂದು ಹೊತ್ತು ಮುಳುಗುವ ಮೊದಲೇ ದಾದಾ ಮನೆಯಲ್ಲಿ ಎಲ್ಲರ ಊಟ ಮುಗಿಯಿತು. ಜೈನರ ಮನೆಯ ಪದ್ಧತಿ ಹಾಗೆ. ಪದ್ಮಾ ನಳಿನಿಯವರ ಪಕ್ಕ ಬಿಟ್ಟು ಏಳಲಿಲ್ಲ. ಉಳಿದುಕೊಳ್ಳಿ ಎಂದು ಕೇಳಲು ದಾದಾಗೆ ಬಾಯಿ ಬರುತ್ತಿರಲಿಲ್ಲ, ನನಗೆ ಧೈರ್ಯ ಇರಲಿಲ್ಲ. ಮರುದಿನ ಬೆಳಿಗ್ಗೆ ನಳಿನಿ ಪುಣೆಯ ಬಸ್ಸು ಹತ್ತಿದರು. ಕಿಟಕಿಯ ಕೆಳಗೆ ನಾನು ಪೆಚ್ಚಾಗಿ ನಿಂತಿದ್ದೆ. ಬಸ್ಸು ಅಲುಗಾಡಿದಾಗ ಅವರು ತಲೆ ಹೊರಹಾಕಿ, “ಸರ್, ಗಾದಿಗಳನ್ನ ಬಿಚ್ಚಬೇಡಿ! ಕೆಲಸ ಬೇಡ ಅಂತ ಪುಣೆಯವ್ರಿಗೆ ಮುಖಾಮುಖಿ ಹೇಳಿ ಬಂದ್ಬಿಡ್ತೀನಿ” ಎಂದರು. ನಾನು ಬಸ್‌ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ಓಡಿದೆ. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತು, ಪಂಚೆ ಉಟ್ಟು ಓಡಿದವನು ನಾನೊಬ್ಬನೇ ಇರಬೇಕು.

ಅವರು ಹೇಳಿದಂತೆ ಬಂದರು. ದೀಪಾವಳಿಯೊಳಗೆ ವಿಭಾಗ ತೆರೆಯಿತು. ವಿಶ್ವವಿದ್ಯಾಲಯದವರು ಬಂದು ನೋಡಿ, ಗಾದಿಯ ಕೋಣೆಗೆ ನಕ್ಕು, ಒಪ್ಪಿಗೆ ಕೊಟ್ಟು, ಸರಿಯಾದ ಕೋಣೆ ಕಟ್ಟಿಸುವ ಏರ್ಪಾಡನ್ನೂ ಮಾಡಿದರು. ಅದು ಮುಗಿದ ಮೇಲೆ ಗಾದಿಗಳನ್ನು ಅವರವರ ಮನೆಗೆ ಕಳಿಸುವ ದಿನ ನನ್ನ ಹೆಂಡತಿ ನಮ್ಮದನ್ನು ಗುರುತಿಸಲು ಕಾಲೇಜಿಗೆ ಬಂದಳು. ನಳಿನಿಯನ್ನು ಕಂಡದ್ದೇ, “ಬಾಯಾರ, ಇವರ ಕಿವೀನೂ ಒಮ್ಮೆ ನೋಡ್ರಿ. ಮನ್ಯಾಗ ಹತ್ತ ಸಲ ಒದರಿದರ ಒಮ್ಮೆ ಕೇಳಸ್ತೈತಿ. ಪಾಪ, ವಯಸ್ಸಾತು” ಎಂದಳು. ಆ ‘ಪಾಪ’ ಎಂಬ ಮಾತು ನನಗೆ ಬಹಳ ಹಿಡಿಸಿತು. ದುಃಖದ ಮುಖ ಮಾಡಿಕೊಂಡು ಹೆಡ್‌ಫೋನು ಹಾಕಿಕೊಂಡೆ. ಆದರೆ ಪರೀಕ್ಷೆ ಎಂದೊಡನೆ ಹಳೆಯ ಚಾಳಿ, ಪೂರ್ತಿ ಅಂಕ ತೆಗೆಯಬೇಕೆಂಬ ಹುಮ್ಮಸ್ಸು ಬಂತು. ಸೊಳ್ಳೆಯ ರೆಕ್ಕೆಯಂಥ ಸದ್ದಿಗೂ ಕೈಯೆತ್ತಿದೆ.

“ಅಮ್ಮಾ, ಇಷ್ಟು ಒಳ್ಳೆ ಕಿವಿ ಈ ಊರಿಗೆ ಬಂದ್ಮೇಲೆ ನಾನು ನೋಡಿಲ್ಲ! ಸರ್‌ಗೆ ಪಕ್ಕದ ಕೋಣೇಲಿ ಪಿಸುಗುಟ್ಟಿದ್ರೂ ಕೇಳಿಸತ್ತೆ” ಎಂದರು ನಳಿನಿ, ಸಂತೋಷದಿಂದ.

ನನ್ನ ಹೆಂಡತಿ ಗಾದಿಯನ್ನು ನನ್ನ ತಲೆಯ ಮೇಲಿಟ್ಟು ಮುಂದೆ ನಡೆದಳು. ಅಂದಿನಿಂದ ಅವಳು ಒದರುವುದನ್ನೇ ಬಿಟ್ಟಿದ್ದಾಳೆ. ಅಡುಗೆಮನೆಯಲ್ಲಿ ನಿಂತು, ತನಗೇ ಹೇಳಿಕೊಂಡಂತೆ, “ಜ್ವಾಳದ ಹಿಟ್ಟು ತೀರೇತಿ” ಎಂದು ಪಿಸುಗುಡುತ್ತಾಳೆ. ನಾನು ಪೇಪರು ಮಡಚಿಟ್ಟು, ಡಬ್ಬಿ ಹಿಡಿದು ಗಿರಣಿಗೆ ಹೊರಡುತ್ತೇನೆ.