ಸಾಹೇಬರ ಬೀಳ್ಕೊಡುಗೆಗೆ ಅಳುವ ಕುರಿತು

ಕೆಂಗುಡ್ಡ ಮಿನರಲ್ಸ್ ಕಂಪನಿಯ ಸಂಡೂರು ಘಟಕದಲ್ಲಿ ಯಾವುದೇ ರೀತಿಯ ಪಕ್ಷಪಾತಕ್ಕೆ ಅವಕಾಶವಿರುವುದಿಲ್ಲ ಎಂದು ಗೇಟಿನ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲಾಗಿದೆ. ಬರೆದವನು ಹುಲಿಗೇಶನ ಭಾವಮೈದುನ. ಬರೆಸಿದವನು ಹುಲಿಗೇಶ. ಬರೆದದ್ದು ಚೆನ್ನಾಗಿದೆ ಎಂದು ಪ್ರಮಾಣೀಕರಿಸಿದವರು ಘಟಕದ ಮ್ಯಾನೇಜರ್ ದೊಡ್ಡಬಸಪ್ಪನವರು.

ಹುಲಿಗೇಶ ಮತ್ತು ಅನ್ನಪೂರ್ಣ ಇಬ್ಬರದೂ ಒಂದೇ ಹುದ್ದೆ. ಗುಡ್ಡದಿಂದ ಇಳಿದು ಬರುವ ಅದಿರಿನ ಲಾರಿಗಳನ್ನು ಕಾಟಾದ ಮೇಲೆ ನಿಲ್ಲಿಸಿ, ತೂಕ ನೋಡಿ, ಚೀಟಿ ಹರಿದು ಕೊಡುವುದು. ಹುಲಿಗೇಶನಿಗೆ ಕಾಯಂ ಜನರಲ್ ಶಿಫ್ಟ್. ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದ. ಅನ್ನಪೂರ್ಣಳಿಗೆ ಕಾಯಂ ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಬಂದು ರಾತ್ರಿ ಹೋಗುತ್ತಿದ್ದಳು. ಘಟಕದ ಉಳಿದ ನೌಕರರೆಲ್ಲ ಕೆಲಸ ಮುಗಿಯುವ ಹೊತ್ತಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿದ್ದರೆ ಹುಲಿಗೇಶನ ಅಂಗಿ ಮಾತ್ರ ಮಲ್ಲಿಗೆಯಂತೆ ಬೆಳ್ಳಗಿರುತ್ತಿತ್ತು. ಇದು ಅವನು ಧೂಳಿಗೆ ಹೋಗದೆ ಸಾಹೇಬರ ಚೇಂಬರಿನಲ್ಲಿ ಕೂರುವುದರಿಂದ ಎಂದು ಕೆಲವರು ಆಡಿಕೊಳ್ಳುತ್ತಿದ್ದರು. ದೊಡ್ಡಬಸಪ್ಪನವರು ಇದನ್ನು ತನಿಖೆ ಮಾಡಿಸಿ, ಒಳ್ಳೆಯ ಸೋಪು ಬಳಸುವುದರಿಂದ ಎಂದು ತೀರ್ಮಾನಿಸಿದ್ದರು. ತನಿಖಾಧಿಕಾರಿ ಹುಲಿಗೇಶನೇ ಆಗಿದ್ದ.

ಅನ್ನಪೂರ್ಣಳ ಮನೆ ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನಲ್ಲಿತ್ತು. ಗಂಡ ಯಲ್ಲೇಶ್ ಆಟೋ ಓಡಿಸುತ್ತಿದ್ದ. ಮಗಳು ಕಾವ್ಯ ಎರಡನೇ ಕ್ಲಾಸು. ಅವ್ವ ಮನೆ ಮುಟ್ಟುವಾಗ ಮಗಳು ನಿದ್ದೆಯಲ್ಲಿರುತ್ತಿದ್ದಳು. ಮಗಳು ಸ್ಕೂಲಿಗೆ ಹೊರಡುವಾಗ ಅವ್ವ ನಿದ್ದೆಯಲ್ಲಿರುತ್ತಿದ್ದಳು. ಒಂದು ದಿನ ಸ್ಕೂಲಿನಲ್ಲಿ ಮನೆಯವರ ಚಿತ್ರ ಬರೆಯಲು ಹೇಳಿದಾಗ ಕಾವ್ಯ ಅಪ್ಪನನ್ನು ಆಟೋದ ಪಕ್ಕ ನಿಲ್ಲಿಸಿ, ಅವ್ವನನ್ನು ಕೆಳಗೆ ಅಡ್ಡ ಮಲಗಿಸಿ, ಕೌದಿ ಹೊದಿಸಿ, ಕಣ್ಣು ಮುಚ್ಚಿಸಿದ್ದಳು. ಟೀಚರು ಗಾಬರಿಯಾಗಿ, "ಅವ್ವಗ ಏನಾತಮ್ಮ?" ಎಂದು ಕೇಳಿದರಂತೆ. "ಏನೂ ಆಗಿಲ್ರಿ, ನಮ್ಮವ್ವ ಇರಾದ ಹಂಗ" ಎಂದಿತಂತೆ ಮಗು.

ಯಲ್ಲೇಶ್ ಚಿತ್ರ ತೋರಿಸಿ ಇದನ್ನು ನಗುತ್ತಾ ಹೇಳಿದ. ಅನ್ನಪೂರ್ಣ ನಗಲಿಲ್ಲ. ಅಂದೇ ಶಿಫ್ಟಿಗೆ ಮುಂಚೆ ಸಾಹೇಬರ ಚೇಂಬರಿಗೆ ಹೋದಳು.

"ಸರ್, ನನಗೂ ಜನರಲ್ ಶಿಫ್ಟ್ ಕೊಡ್ರಿ. ಹುಲಿಗೇಶ ನನ್ನ ಹಿಂದ ಸೇರ್ಯಾನ್ರಿ."

ದೊಡ್ಡಬಸಪ್ಪನವರು ಕನ್ನಡಕ ತೆಗೆದರು. "ನೋಡಮ್ಮ, ನೀನ ಹೇಳಿದಿ. ಹಿಂದ ಸೇರ್ಯಾನ. ಹಿಂದ ಅಂದ್ರ ಮೊದಲು. ಅಂದ್ಮ್ಯಾಗ ಅವನು ನಿನಗ ಸೀನಿಯರ್."

"ಹಂಗಲ್ರಿ ಸರ್. ನನ್ನ ಹಿಂದ ಅಂದ್ರ, ನಾ ಸೇರಿದ ಮ್ಯಾಲೆ."

"ಮ್ಯಾಲೆ ಅಂತನೂ ನೀನ ಅಂದಿ. ನಿನಗಿಂತ ಮ್ಯಾಲೆ ಇರೋನ್ನ ಕೆಳಗ ತಗೊಂಬಾ ಅಂದ್ರ ಹ್ಯಾಂಗಮ್ಮ?"

ಮೂಲೆಯಲ್ಲಿ ಕೂತಿದ್ದ ಹುಲಿಗೇಶ ತಲೆಯಾಡಿಸಿದ. ಅನ್ನಪೂರ್ಣ ಹೊರಡಲು ತಿರುಗಿದಾಗ ಸಾಹೇಬರು ತಡೆದರು. ಅಂದು ಶನಿವಾರ. "ಬಂದೀ, ಕುಂದ್ರು. ಕೇಳಿ ಹೋಗು" ಎಂದು ಎದ್ದು ನಿಂತರು.

ಘಟಕದ ದೊಡ್ಡ ಗುಟ್ಟು ಅನ್ನಪೂರ್ಣಳಿಗೆ ಗೊತ್ತಾದದ್ದು ಹೀಗೆ. ದೊಡ್ಡಬಸಪ್ಪನವರು ನಿವೃತ್ತರಾಗಲು ಇನ್ನೂ ಸಾಕಷ್ಟು ಕಾಲವಿತ್ತು. ಆದರೆ ಬೀಳ್ಕೊಡುಗೆಯ ದಿನ ತಡವರಿಸಬಾರದೆಂದು ಅವರು ಪ್ರತಿ ಶನಿವಾರ ಊಟವಾದ ಮೇಲೆ ತಮ್ಮ ಬೀಳ್ಕೊಡುಗೆ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದರು. ಕೇಳುವವನು ಹುಲಿಗೇಶ. "ಈ ಗುಡ್ಡದ ಕೆಂಪು ಧೂಳೇ ನನ್ನ ಪಾಲಿನ ವಿಭೂತಿ" ಎಂಬ ಮಾತು ಬಂದ ಕೂಡಲೇ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸಾಹೇಬರು ಕಾರಿನ ಗಾಜು ಇಳಿಸಿದ್ದನ್ನು ಘಟಕದಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಆ ಮಾತಿಗೆ ಅಳುವುದು ಸುಲಭದ ಕೆಲಸವಾಗಿರಲಿಲ್ಲ. ಈ ಮಟ್ಟಿಗೆ ಹುಲಿಗೇಶನ ಪ್ರತಿಭೆಯನ್ನು ಒಪ್ಪಲೇಬೇಕು.

ಅಂದೂ ವಿಭೂತಿ ಬಂತು. ಹುಲಿಗೇಶ ಅತ್ತ. ಅನ್ನಪೂರ್ಣ ಮಾತ್ರ ಮುಂದೇನು ಎನ್ನುವಂತೆ ನೋಡುತ್ತಾ ಕೂತಿದ್ದಳು. ಆ ವರ್ಷದ ಮೌಲ್ಯಮಾಪನದಲ್ಲಿ ಅವಳ ಹೆಸರಿನ ಮುಂದೆ, "ಕೆಲಸ ಉತ್ತಮ. ಹೃದಯ ಸುಧಾರಿಸಬೇಕು" ಎಂದು ದಾಖಲಾಯಿತು.

ಅನ್ನಪೂರ್ಣ ಯೂನಿಯನ್ ಕಾರ್ಯದರ್ಶಿ ಮೂಕಣ್ಣನ ಬಳಿ ಹೋದಳು. ಹೆಸರು ಮೂಕಣ್ಣನಾದರೂ ಅವನು ಮಾತು ಶುರು ಮಾಡಿ ಮುಗಿಸುವುದರೊಳಗೆ ಒಂದು ಲಾರಿ ಲೋಡಾಗುತ್ತಿತ್ತು. ಅವನು ಎಲ್ಲ ಕೇಳಿ ಕೆಂಡವಾದ.

"ಇದು ಪಕ್ಕಾ ತಾರತಮ್ಯ ಅನ್ನಪೂರ್ಣಕ್ಕ! ಇಡೀ ಘಟಕದಾಗ ಅಳಾಕ ಒಬ್ಬನಿಗೇ ಅವಕಾಶ ಅಂದ್ರ ಏನರ್ಥ? ನಾವೇನು ಮನುಷ್ಯರಲ್ಲೇನು? ನಮಗ ಕಣ್ಣೀರಿಲ್ಲೇನು?"

"ನನಗ ಅಳೋದು ಬ್ಯಾಡೋ ಮೂಕಣ್ಣ. ಶಿಫ್ಟ್ ಬೇಕು."

"ಅಳದ ಶಿಫ್ಟ್ ಹ್ಯಾಂಗ ಸಿಗತೈತಕ್ಕ?"

ಯೂನಿಯನ್ ಮನವಿ ಸಲ್ಲಿಸಿತು. ಹೋರಾಟ ದೀರ್ಘವಾಗುತ್ತದೆಂದು ಮೂಕಣ್ಣ ಶಾಮಿಯಾನದವನಿಗೂ ಹೇಳಿಟ್ಟಿದ್ದ. ಆದರೆ ದೊಡ್ಡಬಸಪ್ಪನವರು ಮನವಿಯನ್ನು ನಿಂತ ಕಾಲಲ್ಲೇ ಓದಿ, ನಿಂತ ಕಾಲಲ್ಲೇ ಒಪ್ಪಿದರು. ಮರುದಿನವೇ ಸುತ್ತೋಲೆ ಹೊರಟಿತು.

"ಘಟಕದ ಎಲ್ಲ ನೌಕರರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ರತಿ ಶನಿವಾರ ಮಾನ್ಯ ವ್ಯವಸ್ಥಾಪಕರ ಬೀಳ್ಕೊಡುಗೆ ಭಾಷಣದ ಸಮಯದಲ್ಲಿ ಭಾವುಕರಾಗುವ ಅವಕಾಶವನ್ನು ಜಾತಿ, ಹುದ್ದೆ, ಶಿಫ್ಟಿನ ಭೇದವಿಲ್ಲದೆ ಎಲ್ಲರಿಗೂ ವಿಸ್ತರಿಸಲಾಗಿದೆ. ಕಣ್ಣೀರು ಕೆನ್ನೆಯ ಮಧ್ಯಭಾಗವನ್ನು ತಲುಪಿದ ನಂತರವೇ ಅಳುವನ್ನು ಪರಿಗಣಿಸಲಾಗುವುದು. ಅದಿರಿನ ಧೂಳು ಬಿದ್ದು ಬಂದ ಕಣ್ಣೀರು ಈ ವ್ಯಾಪ್ತಿಗೆ ಬರುವುದಿಲ್ಲ. ಗುತ್ತಿಗೆ ಕಾರ್ಮಿಕರು ಬಾಗಿಲ ಹೊರಗೆ ನಿಂತು ಅಳತಕ್ಕದ್ದು. ಅವರ ಅಳುವಿಗೆ ಸಂಬಂಧಪಟ್ಟ ಗುತ್ತಿಗೆದಾರರೇ ಹೊಣೆ. ಶಿಫ್ಟ್, ರಜೆ ಮತ್ತು ಕೂಲರ್‌ಗಳನ್ನು ಇನ್ನು ಮುಂದೆ ಸಂಪೂರ್ಣ ನ್ಯಾಯಯುತವಾಗಿ, ಅಳುವಿನ ಆಧಾರದ ಮೇಲೆ ಹಂಚಲಾಗುವುದು."

ಘಟಕಕ್ಕೆ ನ್ಯಾಯ ಬಂದದ್ದಕ್ಕೆ ಯೂನಿಯನ್ ಮಿರ್ಚಿ ಮಂಡಕ್ಕಿ ಹಂಚಿತು.

ಮೊದಲ ಶನಿವಾರ ಅನೇಕರು ಕರ್ಚೀಫಿನಲ್ಲಿ ಉಳ್ಳಾಗಡ್ಡಿ ಕಟ್ಟಿಕೊಂಡು ಬಂದರು. ಚೇಂಬರು ಖಾನಾವಳಿಯಂತೆ ನಾರಿ, ಸಾಹೇಬರಿಗೇ ಕಣ್ಣೀರು ಬಂದು ಭಾಷಣ ನಿಂತುಹೋಯಿತು. ಸೋಮವಾರ ಉಳ್ಳಾಗಡ್ಡಿಯನ್ನು ನಿಷೇಧಿಸಲಾಯಿತು. ಆ ಮೇಲೆ ಕೆಲವರು ಸತ್ತ ಅಜ್ಜಂದಿರನ್ನು ನೆನೆದರು, ಕೆಲವರು ಮನೆ ಲೋನನ್ನು ನೆನೆದರು. ಮೂಕಣ್ಣ ತನ್ನದೇ ಹಳೆಯ ಭಾಷಣಗಳನ್ನು ನೆನೆದು ಧಾರಾಳವಾಗಿ ಅಳತೊಡಗಿದ.

ಅನ್ನಪೂರ್ಣಳಿಗೆ ಮಾತ್ರ ಅಳು ಬರಲೊಲ್ಲದು. ಮನೆಯಲ್ಲಿ ಕನ್ನಡಿಯ ಮುಂದೆ ಮುಖ ಕಿವುಚಿ ನೋಡಿದಳು. ಯಲ್ಲೇಶ್ ಹಿಂದೆ ನಿಂತು, "ನೀ ಲಗ್ನದಾಗ ನಿಮ್ಮವ್ವನ್ನ ಬಿಟ್ಟು ಬರಬೇಕಾದ್ರ ಅಳಲಿಲ್ಲ. ಈ ಮನುಷ್ಯಾಗ ಅಳತೀಯೇನ?" ಎಂದ.

"ಅವತ್ತು ಅತ್ರ ಏನ್ ಸಿಗತಿತ್ತು?" ಎಂದಳು ಅನ್ನಪೂರ್ಣ.

ಮುಂದಿನ ಶನಿವಾರ ಅವಳು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಭಾಷಣ ನಡೆದಿತ್ತು. ಅವಳ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಯಾಕೋ ಆ ಚಿತ್ರ ಕಣ್ಣ ಮುಂದೆ ಬಂತು: ಕೌದಿ ಹೊದ್ದು ಕಣ್ಣು ಮುಚ್ಚಿಕೊಂಡ ಅವ್ವ. ಮಗು ಕೌದಿಯ ಹೊಲಿಗೆಗಳನ್ನೆಲ್ಲ ಬಣ್ಣ ಬಣ್ಣದಲ್ಲಿ ಬಿಡಿಸಿತ್ತು. ಬಹಳ ಹೊತ್ತು ನೋಡುತ್ತಾ ಕೂತಿರಬೇಕು, ಅವ್ವನನ್ನು ಎಬ್ಬಿಸದೆ. ಆಮೇಲೆ ಬಂದ ಅಳು ಅವಳ ಹಿಡಿತದಲ್ಲಿರಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಭಾಷಣ ಮುಗಿದರೂ ಅಳು ಮುಗಿಯಲಿಲ್ಲ. ಉಳಿದವರು ತಮ್ಮ ಅಳು ನಿಲ್ಲಿಸಿ ನೋಡುತ್ತಾ ನಿಂತರು. ಇಂಥದ್ದನ್ನು ಘಟಕ ಕಂಡಿರಲಿಲ್ಲ.

"ವಿಭೂತಿಗಿಂತ ಮೊದಲೇ ಶುರುವಾತು!" ಎಂದರು ದೊಡ್ಡಬಸಪ್ಪನವರು ನಡುಗುವ ದನಿಯಲ್ಲಿ. "ಇಷ್ಟು ದಿನ ಈ ಹೆಣ್ಮಗಳನ್ನ ನಾ ತಿಳ್ಕೊಳ್ಳಲಿಲ್ಲ."

ಸೋಮವಾರದಿಂದ ಅನ್ನಪೂರ್ಣಳಿಗೆ ಜನರಲ್ ಶಿಫ್ಟ್. ಹುಲಿಗೇಶನಿಗೆ ಸೆಕೆಂಡ್ ಶಿಫ್ಟ್. ಆದೇಶ ಓದಿ ಹುಲಿಗೇಶ ನಿಜವಾಗಿಯೂ ಅತ್ತ. ಅಂದು ಶನಿವಾರವಲ್ಲದ ಕಾರಣ ಪರಿಗಣಿಸಲಾಗಲಿಲ್ಲ.

ಮನೆಯಲ್ಲಿ ಸಂಜೆ ಬಾಗಿಲು ತೆಗೆದ ಕಾವ್ಯ, "ಅವ್ವ, ನೀ ಯಾಕ ಎದ್ದೀ?" ಎಂದಳು. ತಾಯಿ ಮಗಳು ಡ್ಯಾಂ ಕಡೆ ಗಾಳಿಗೆ ನಡೆದು ಹೋಗಿ ಬಂದರು. ಮಗ್ಗಿ ಕಲಿತರು. ಅನ್ನಪೂರ್ಣ ಬಹಳ ಸುಖವಾಗಿದ್ದಳು, ಅದರಿಂದಾಗಿ ಮುಂದಿನ ಶನಿವಾರ ಅವಳಿಗೆ ಅಳು ಬರಲಿಲ್ಲ. ಸಾಹೇಬರು ಭಾಷಣದ ನಡುವೆಯೇ ಅವಳತ್ತ ನೋಡಿದರು. ಶಿಫ್ಟ್ ಹೋಗುತ್ತದಲ್ಲಾ ಎಂಬ ಭಯಕ್ಕೆ ಅವಳಿಗೆ ಕೂಡಲೇ ಅಳು ಬಂತು. ಅಲ್ಲಿಂದಾಚೆ ಅವಳಿಗೆ ತೊಂದರೆಯಾಗಲಿಲ್ಲ. ಸುಖ ಹೆಚ್ಚಾದಷ್ಟೂ ಭಯ ಹೆಚ್ಚಾಗಿ, ಅಳು ಸುಧಾರಿಸುತ್ತಾ ಹೋಯಿತು.

ಶನಿವಾರ ಮಧ್ಯಾಹ್ನ ಕಾಟಾದ ಬಳಿ ಯಾರೂ ಇರದಂತಾಗಿ ಲಾರಿಗಳು ಕುರೆಕುಪ್ಪದ ರಸ್ತೆಯವರೆಗೂ ನಿಲ್ಲತೊಡಗಿದವು. ದೂರು ಹೋಗಿ, ಹೊಸಪೇಟೆಯ ಹೆಡ್ ಆಫೀಸಿನಿಂದ ಸಿಬ್ಬಂದಿ ವಿಭಾಗದ ಶೈಲಶ್ರೀ ಮೇಡಂ ತಪಾಸಣೆಗೆ ಬಂದರು. ಬಾಗಿಲ ಹೊರಗೆ ಗುತ್ತಿಗೆ ಕಾರ್ಮಿಕರು, ಒಳಗೆ ಕಾಯಂ ನೌಕರರು ಗೋಳಾಡುತ್ತಿದ್ದರು. ಮೇಡಂ ಚಪ್ಪಲಿ ಬಿಟ್ಟು ಮೆಲ್ಲಗೆ ಒಳಬಂದರು.

"ಯಾರು ಹೋದ್ರು?"

"ಯಾರೂ ಹೋಗಿಲ್ರಿ ಮೇಡಂ" ಎಂದ ಮೂಕಣ್ಣ ಕಣ್ಣೊರೆಸಿಕೊಳ್ಳುತ್ತಾ. "ಸಾಹೇಬ್ರು ರಿಟೈರ್ ಆಗ್ತಾರಂತ."

"ಯಾವಾಗ?"

"ಅದಕ್ಕ ಇನ್ನೂ ಭಾಳ ದಿನ ಐತ್ರಿ."

ಶೈಲಶ್ರೀ ಮೇಡಂ ಎಷ್ಟೋ ಕಂಪನಿಗಳಲ್ಲಿ ದುಡಿದಿದ್ದರು. ಮ್ಯಾನೇಜರು ಹೋಗಲಿ ಎಂದು ಹರಕೆ ಹೊತ್ತವರನ್ನು ಕಂಡಿದ್ದರೇ ಹೊರತು, ಹೋಗುತ್ತಾನೆಂದು ವರ್ಷಗಟ್ಟಲೆ ಮುಂಚೆಯೇ ಅಳುವವರನ್ನು ಕಂಡಿರಲಿಲ್ಲ. ಲಾರಿಯ ವಿಷಯ ಮರೆತು, ತಾವೂ ಎರಡು ಹನಿ ಕಣ್ಣೀರು ಸೇರಿಸಿ ವಾಪಸಾದರು.

ಕಾಲ ಕಳೆದು ಬೀಳ್ಕೊಡುಗೆಯ ದಿನ ಬಂದೇ ಬಂತು. ಘಟಕದ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಡೈರೆಕ್ಟರ್ ಸಾಹೇಬರೇ ಶಾಲು, ಹಾರ ಹಿಡಿದು ಬಂದಿದ್ದರು. ಮೂಕಣ್ಣ ಬೆಳಿಗ್ಗೆಯೇ ಎಲ್ಲರನ್ನೂ ಕರೆದು, "ಇದ ಕೊನೀ ಅಳು. ಮಸ್ತ್ ಆಗಿ ಅತ್ತು ಕಳಿಸಿಬಿಡೂಣು. ನಾಳೆಯಿಂದ ಅರಾಮ್" ಎಂದು ಹುರಿದುಂಬಿಸಿದ್ದ. ಹುಲಿಗೇಶನೂ ಹಳೆಯದನ್ನು ಮರೆತು ಅನ್ನಪೂರ್ಣಳ ಪಕ್ಕವೇ ಕುಳಿತಿದ್ದ. ಭಾಷಣ ಶುರುವಾಯಿತು. ವಿಭೂತಿ ಬಂತು. ಇನ್ನು ಈ ಮಾತು ಎಂದೂ ಕೇಳಬೇಕಿಲ್ಲವೆಂಬ ಆನಂದಕ್ಕೆ ಎಲ್ಲರ ಕಣ್ಣಲ್ಲೂ ನೀರು ಕಾಲುವೆ ಬಿಟ್ಟಂತೆ ಹರಿಯಿತು.

ಡೈರೆಕ್ಟರ್ ಸಾಹೇಬರು ಎದ್ದು ಮೈಕು ಹಿಡಿದರು. ಅವರ ದನಿ ಗದ್ಗದವಾಗಿತ್ತು.

"ಶೈಲಶ್ರೀ ಅವರು ಹೇಳಿದಾಗ ನಾನು ನಂಬಿರಲಿಲ್ಲ. ಇಂದು ಕಣ್ಣಾರೆ ಕಂಡೆ. ಇಷ್ಟು ಜನರ ಕಣ್ಣೀರಿನ ಮೇಲೆ ನಡೆದು ಹೋಗಲು ದೊಡ್ಡಬಸಪ್ಪನವರನ್ನು ಬಿಡುವ ಹಕ್ಕು ಕಂಪನಿಗಿಲ್ಲ. ಅವರ ಸೇವೆಯನ್ನು ಎರಡು ವರ್ಷ ವಿಸ್ತರಿಸಿದ್ದೇನೆ."

ಮೊದಲು ಹುಲಿಗೇಶ ಅತ್ತ. ಆಮೇಲೆ ಅನ್ನಪೂರ್ಣ. ಆಮೇಲೆ ಸಾಲು ಸಾಲಾಗಿ ಎಲ್ಲರೂ, ಎದೆ ಬಡಿದುಕೊಂಡು, ಒಬ್ಬರನ್ನೊಬ್ಬರು ತಬ್ಬಿಕೊಂಡು.

"ಲೇ, ಸುಮ್ಕಿರ್ರಲೇ!" ಮೂಕಣ್ಣ ಬಗ್ಗಿ ಸಾಲಿನಿಂದ ಸಾಲಿಗೆ ಓಡಿದ. "ಅಳಬ್ಯಾಡ್ರಿ! ಇನ್ನೂ ಹೆಚ್ಚು ಮಾಡ್ಯಾರು!"

ತಡವಾಗಿತ್ತು. ಡೈರೆಕ್ಟರ್ ಸಾಹೇಬರು ಕಣ್ಣೊರೆಸಿಕೊಂಡು, ನಿಮ್ಮ ಪ್ರೀತಿಯ ಮುಂದೆ ಎರಡು ವರ್ಷ ಏನೂ ಅಲ್ಲ ಎಂದು ಅದನ್ನು ಐದಕ್ಕೆ ಏರಿಸಿದರು.

ಮುಂದಿನ ಶನಿವಾರ ಎಲ್ಲರೂ ಯಥಾಪ್ರಕಾರ ಚೇಂಬರಿನಲ್ಲಿ ಸೇರಿದರು. ಹಳೆಯ ಭಾಷಣವನ್ನು ಒಮ್ಮೆ ಬಳಸಿಯಾಗಿದ್ದರಿಂದ ದೊಡ್ಡಬಸಪ್ಪನವರು ಹೊಸದೊಂದನ್ನು ಬರೆದು ತಂದಿದ್ದರು. ಅದು ಹಳೆಯದಕ್ಕಿಂತ ಉದ್ದವಿತ್ತು. ಯಾರೂ ಬೇಸರ ಪಟ್ಟುಕೊಳ್ಳಲಿಲ್ಲ. ಅನ್ನಪೂರ್ಣ ಸೆರಗಿನ ಒಣ ತುದಿಯನ್ನು ಹುಡುಕಿ ಕೈಯಲ್ಲಿ ಹಿಡಿದುಕೊಂಡಳು. ಹುಲಿಗೇಶ ಸ್ವಲ್ಪ ಸರಿದು ಅವಳಿಗೆ ಜಾಗ ಕೊಟ್ಟ. ಮೂಕಣ್ಣ ಯೂನಿಯನ್ನಿನ ಪರವಾಗಿ ಎದ್ದು ಕೈಮುಗಿದ.

"ಸಾಹೇಬ್ರ, ಹೊಸಾದರಾಗ ಎಲ್ಲಿ ಅಳಬೇಕಂತ ಮೊದಲ ಹೇಳಿಬಿಡ್ರಿ. ಲಾರಿ ಕಾಯಾಕತ್ತಾವು."