ರೇಡಿಯೊ ಇಲ್ಲದ ಬೀದಿ

ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡುತ್ತಾರೆ ಎಂದು ಈಗ ಟಿ.ವಿ.ಯವರಿಗೆ ಒಂದು ಯಂತ್ರ ಹೇಳುತ್ತದಂತೆ. ಮೊಮ್ಮಗಳು ಇದನ್ನು ಹೇಳಿದಾಗ ನನಗೆ ಹಳೆಯದೊಂದು ತಪ್ಪು ನೆನಪಾಯಿತು. ಅರವತ್ತರ ದಶಕದ ಜಯನಗರದಲ್ಲಿ ಆ ಯಂತ್ರ ನಾನೇ ಆಗಿದ್ದೆ. ಕೆಟ್ಟ ಯಂತ್ರ, ಕಾಫಿ ಕುಡಿಯುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ಜಾಹೀರಾತು ಕಚೇರಿ ಸೇರಿದ್ದೆ. ಬಟ್ಟೆ ಸೋಪಿನ ಕಂಪನಿಯೊಂದಕ್ಕಾಗಿ ನಮ್ಮವರು ಹದಿನೈದು ನಿಮಿಷದ ಅತ್ತೆ-ಸೊಸೆ ನಾಟಕ ಧ್ವನಿಮುದ್ರಿಸಿ, ಆಗ ಜಾಹೀರಾತು ಹಾಕುತ್ತಿದ್ದ ಸಮುದ್ರದಾಚೆಯ ರೇಡಿಯೊ ಕೇಂದ್ರಕ್ಕೆ ಕಳಿಸುತ್ತಿದ್ದರು. ಮಂಗಳವಾರ ಮಧ್ಯಾಹ್ನ ಅದು ಬರುತ್ತಿತ್ತು. ಅತ್ತೆಯ ದನಿಯೂ ನಟಿ ಕಮಲಮ್ಮನವರದೇ, ಸೊಸೆಯ ದನಿಯೂ ಅವರದೇ. ಅವರಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ಆ ಹದಿನೈದು ನಿಮಿಷವೇ ಅವರ ರಂಗ. ಧ್ವನಿಮುದ್ರಣ ಮುಗಿದಾಗಲೆಲ್ಲ ನನ್ನನ್ನು ಕೇಳುತ್ತಿದ್ದರು: "ಸ್ಟೇಜಲ್ಲಾದ್ರೆ ಚಪ್ಪಾಳೆ ಕೇಳ್ಸೋದು ಕಣಪ್ಪಾ. ಇಲ್ಲಿ ಗೋಡೆ ಜೊತೆ ಜಗಳ ಆಡ್ದಂಗಾಗತ್ತೆ. ಜನ ಕೇಳ್ತಾರಾ?"

ಸೋಪಿನವರಿಗೂ ಅದೇ ಪ್ರಶ್ನೆ. ಕೇಳುವವರಿದ್ದರೆ ನಾಟಕ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಅದನ್ನು ತಿಳಿದುಬರಲು ನನ್ನ ಕೈಗೊಂದು ರಿಜಿಸ್ಟರ್ ಕೊಟ್ಟು, ನಾಟಕದ ಹೊತ್ತಿಗೇ ಜಯನಗರದಲ್ಲಿ ಮನೆಮನೆಗೂ ಹೋಗು ಎಂದರು.

ಆಗ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅದನ್ನು ವರ್ಷವರ್ಷವೂ ಹೊಸದು ಮಾಡಿಸಲು ಮರೆಯುವುದರಲ್ಲಿ ಜಯನಗರದ ಮರ್ಯಾದಸ್ಥರದು ಬಹಳ ಒಗ್ಗಟ್ಟು. ಮೊದಲ ಮನೆಯಲ್ಲಿ ಅತ್ತೆ ಗುಡುಗುವುದು ಬೀದಿಗೇ ಕೇಳುತ್ತಿತ್ತು. ನಾನು ಗೇಟು ತೆಗೆದದ್ದೇ ತಡ, ಅತ್ತೆ ಬಾಯಿ ಮುಚ್ಚಿಕೊಂಡಳು. ಒಳಗೆ ಅಕ್ಕಪಕ್ಕದ ಹೆಂಗಸರು ಮೊರ ಹಿಡಿದು, ಬಟ್ಟೆ ಹೊದಿಸಿದ ಪೆಟ್ಟಿಗೆಯೊಂದಕ್ಕೆ ಮುಖಮಾಡಿ ಕೂತಿದ್ದರು.

"ರೇಡಿಯೋನಾ ಸಾರ್? ನಮ್ಮನೇಲೆಲ್ಲಿದೆ?" ಎಂದರು ಮನೆಯಾಕೆ, ನನ್ನ ಕೈಯ ರಿಜಿಸ್ಟರ್ ನೋಡುತ್ತ.

"ಮೇಲೆ ಏರಿಯಲ್ ಇದೆಯಲ್ಲಮ್ಮ?"

"ಅದು ಬಟ್ಟೆ ಒಣಗಿಸೋ ತಂತಿ ಸಾರ್. ಕೂತ್ಕೊಳಿ, ಕಾಫಿ ತರ್ತೀನಿ."

ಎರಡಾಳೆತ್ತರದ ಬೊಂಬಿನ ಮೇಲೆ ಯಾರು ಬಟ್ಟೆ ಒಣಗಿಸುತ್ತಾರೆ? ನಾನು ಲೈಸೆನ್ಸಿನವನಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಅಲ್ಲಿಯವರೆಗೆ ನನ್ನನ್ನು ಯಾರೂ ಸಾರ್ ಎಂದಿರಲಿಲ್ಲ. ಮನೆಯಲ್ಲಿ ಅಪ್ಪ ಕತ್ತೆ ಎನ್ನುತ್ತಿದ್ದರು, ಕಚೇರಿಯಲ್ಲಿ ಮ್ಯಾನೇಜರು "ಏಯ್" ಎನ್ನುತ್ತಿದ್ದರು. ಇಲ್ಲಿ ನೊರೆಕಾಫಿ, ಜೊತೆಗೆ ಕೋಡುಬಳೆ. ಕುಡಿದೆ, ತಿಂದೆ, ರಿಜಿಸ್ಟರಿನಲ್ಲಿ "ಇಲ್ಲ" ಎಂದು ಬರೆದೆ. ಮುಂದಿನ ಮನೆಗೆ ಹೋಗುವಾಗ ಅಧಿಕಾರಿಯಂತೆ ಕೆಮ್ಮಿ ಹೋದೆ. ಹೀಗೆ ಮಂಗಳವಾರದಿಂದ ಮಂಗಳವಾರಕ್ಕೆ ಬೀದಿಗೆ ಬೀದಿಯೇ "ಇಲ್ಲ" ಆಯಿತು.

ಮ್ಯಾನೇಜರು ನನ್ನ ರಿಜಿಸ್ಟರ್ ನೋಡಿ, "ಏನಯ್ಯಾ, ಜಯನಗರದಲ್ಲಿ ರೇಡಿಯೋನೇ ಇಲ್ವಲ್ಲ! ಇನ್ನು ಸೋಪು ಮಾರೋದು ಯಾರಿಗೆ, ಕಾಗೆಗಳಿಗಾ?" ಎಂದರು. ಆ ತಿಂಗಳೇ ನಾಟಕ ನಿಂತಿತು.

ಮುಂದಿನ ಸಲ ಹಲ್ಲುಪುಡಿಯವರ ಕೆಲಸಕ್ಕೆ ಅದೇ ಬೀದಿಗೆ ಹೋದಾಗ, ಅದೇ ಮನೆಯಾಕೆ ತಡೆಯಲಾರದೆ ಕೇಳಿಬಿಟ್ಟರು: "ಸಾರ್, ಆ ಅತ್ತೆ-ಸೊಸೆ ಯಾಕೆ ಬರ್ತಿಲ್ಲ? ಸೊಸೆ ತವರಿಗೆ ಹೊರಟು ನಿಂತಿದ್ಲು. ಹೋದ್ಳಾ ಇಲ್ವಾ ಅಂತ ನಾವೆಲ್ಲ ಒದ್ದಾಡ್ತಿದೀವಿ." ಮರುಕ್ಷಣವೇ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದರು.

ಅಂದು ಕಾಫಿಗೆ ಕಾಯದೆ ಎದ್ದೆ. ನೇರವಾಗಿ ಕಮಲಮ್ಮನವರ ಮನೆಗೆ ಹೋದೆ. ಅವರು ನಾಟಕದ ಸೀರೆಗಳನ್ನು ಬಿಚ್ಚಿ ದಿಂಬಿನ ಚೀಲ ಹೊಲಿಯುತ್ತಿದ್ದರು. "ಅಮ್ಮ, ಬೀದಿಯವರೆಲ್ಲ ನಿಮ್ಮ ನಾಟಕ ಕೇಳ್ತಿದ್ರು. ಈಗಲೂ ವಿಚಾರಿಸ್ತಾರೆ," ಎಂದೆ. ನನ್ನ ಕೋಡುಬಳೆಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಅವರು ಸೂಜಿ ಕೆಳಗಿಟ್ಟು ನಕ್ಕರು. "ಬಿಡಪ್ಪಾ. ಮ್ಯಾನೇಜರು ರಿಜಿಸ್ಟರ್ ತೋರ್ಸಿದ್ರು. ಒಬ್ರೂ ಇಲ್ವಲ್ಲ. ನನ್ನ ಸಮಾಧಾನಕ್ಕೆ ಅಂತ ಇಷ್ಟು ದೂರ ಬಂದು ಸುಳ್ಳು ಹೇಳ್ತಿದೀಯ. ನಿನ್ನಂಥ ಒಳ್ಳೆ ಹುಡುಗ್ರು ಎಲ್ಲಿದಾರೆ ಈಗ?"

ಅದನ್ನೂ ನಾನು ತಿದ್ದಲಿಲ್ಲ.