ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಹುಟ್ಟಿದ ಕಾದಂಬರಿ

ನಮ್ಮ ಸೋದರತ್ತೆ ಹುಟ್ಟಾ ಸುಳ್ಳುಗಾರ್ತಿ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ! ಹತ್ತು ವರ್ಷದವಳಿದ್ದಾಗಲೇ ಯಲಹಂಕದ ನಮ್ಮ ಬೀದಿಯಲ್ಲಿ ಓದುಬರಹ ಬಾರದ ಹೆಂಗಸರಿಗೆಲ್ಲ ಕಾಗದ ಬರೆದುಕೊಡುತ್ತಿದ್ದಳಂತೆ. ಪಕ್ಕದ ಮನೆಯ ಸೊಸೆ ಬಾಗಲಗುಂಟೆಯ ತವರಿಗೆ "ನಾವೆಲ್ಲ ಕ್ಷೇಮ" ಎಂದು ಬರೆಸಿದಳು. ಅಷ್ಟೇ ಬರೆದರೆ ಕಾರ್ಡಿನಲ್ಲಿ ಎಷ್ಟೊಂದು ಜಾಗ ದಂಡ! ಅತ್ತೆ ಒಂದು ಹಸುವನ್ನು ಬಾವಿಗೆ ಬೀಳಿಸಿದಳು. ಅದನ್ನು ಎತ್ತಲು ಹೋದ ಅಳಿಯನನ್ನೂ ಬೀಳಿಸಿದಳು. ಅಷ್ಟರಲ್ಲಿ ಜಾಗ ಮುಗಿದು, ಅಳಿಯ ಬಾವಿಯಲ್ಲೇ ಉಳಿದ. ತವರಿನವರು ಎದೆ ಬಡಿದುಕೊಂಡು ಓಡಿಬಂದರೆ ಅಳಿಯ ಜಗುಲಿಯ ಮೇಲೆ ಕೂತು ಮುದ್ದೆ ನುಂಗುತ್ತಿದ್ದ! ತಾತ ಕೋಲು ಹುಡುಕುತ್ತಿದ್ದಾಗ ಅತ್ತೆ ಬಂದವರನ್ನು ಕೇಳಿದ್ದು ಒಂದೇ: "ಓದಾಕ್ ಚೆನ್ನಾಗಿತ್ತಾ?"

ಮದುವೆಯಾಗಿ, ಮೊಮ್ಮಕ್ಕಳಾದರೂ ಚಟ ಬಿಡಲಿಲ್ಲ. ಆದರೆ ಮನೆಯಲ್ಲಿ ಅವಳು ಪೆನ್ನು ಹಿಡಿದ ಕೂಡಲೇ ಯಾರಿಗಾದರೂ ಕಾಫಿ ಬೇಕಾಗುತ್ತಿತ್ತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆಯಿತು ನೋಡಿ, ಅತ್ತೆಗೆ ಆಫೀಸು ಸಿಕ್ಕಿತು! ತಿಂಡಿ ಮುಗಿಸಿ ಬಸ್ಸು ಹತ್ತುವುದು, ಮೆಜೆಸ್ಟಿಕ್ಕಿನವರೆಗೆ ಕಾದಂಬರಿ ಬರೆಯುತ್ತಾ ಹೋಗುವುದು, ಬರೆಯುತ್ತಾ ವಾಪಸ್ಸು ಬರುವುದು. ಹೆಬ್ಬಾಳದಲ್ಲಿ ಬಸ್ಸು ನಿಂತರೆ ಊರೆಲ್ಲ ಶಾಪ ಹಾಕುತ್ತದೆ, ಅತ್ತೆ ಮಾತ್ರ ಕೈಮುಗಿಯುತ್ತಾಳೆ. ಟ್ರಾಫಿಕ್ಕಿಲ್ಲದ ಭಾನುವಾರ ಬರೆದ ಅಧ್ಯಾಯಗಳಲ್ಲಿ ಪಾತ್ರಗಳು ಬೇಗ ಬೇಗ ಸಾಯುತ್ತವೆ, ಬೇಕಾದರೆ ಓದಿ ನೋಡಿ!

"ಎಲ್ಲಿ ಇಳೀತೀರಮ್ಮಾ?" ಎಂದ ಕಂಡಕ್ಟರಿಗೆ "ಇರಪ್ಪ, ಇವ್ಳ್ ಮದ್ವೆ ಒಂದ್ ಮುಗೀಲಿ" ಅಂದಳಂತೆ. ಪಾಪ, ಅವನು ಬಸ್ಸಿನಲ್ಲೆಲ್ಲ ಮದುಮಗಳನ್ನು ಹುಡುಕಿದ.

ಕೊನೆಗೊಬ್ಬ ಪ್ರಕಾಶಕರು ಒಪ್ಪಿದರು. ಆದರೆ ಏಳನೇ ಅಧ್ಯಾಯ ತೆಗೆಯಬೇಕಂತೆ. "ಅದ್ರಲ್ಲಿ ಏನೂ ನಡೆಯಲ್ಲ ಕಣ್ರೀ. ಒಬ್ಬ ಹೆಂಗಸು ಅವರೆಕಾಯಿ ಬಿಡಿಸ್ತಾ ಕೂತಿರ್ತಾಳೆ, ಅಷ್ಟೇ."

ಅಳಿಯನನ್ನೇ ಬಾವಿಗೆ ನೂಕಿದವಳಿಗೆ ಒಬ್ಬ ಹೆಂಗಸನ್ನು ಎಬ್ಬಿಸಿ ಕಳಿಸುವುದು ಕಷ್ಟವೇ? ಸುತರಾಂ ಆಗಲ್ಲ ಅಂದಳು! ಐವತ್ತು ವರ್ಷದ ಆಸೆ ಕೈಗೆ ಬಂದಿದೆ, ಬಿಡುತ್ತಿದ್ದಾಳಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಹೋಗಿ ಬೈದೆ.

"ಅತ್ತೆ, ಒಂದು ಅಧ್ಯಾಯಕ್ಕೋಸ್ಕರ ಇಡೀ ಪುಸ್ತಕ ಕಳ್ಕೋತೀಯಾ?"

"ಕಳ್ಕೋತೀನಿ ಬಿಡು. ಕಾಫಿ ಕುಡೀತೀಯಾ?"

ಇನ್ನಿಬ್ಬರು ಪ್ರಕಾಶಕರೂ ಅದೇ ಅಧ್ಯಾಯದ ಮೇಲೆ ಕೈಯಿಟ್ಟರು. ಹಸ್ತಪ್ರತಿ ಎರಡು ಸಲವೂ ಮನೆಗೆ ವಾಪಸ್ಸು ಬಂತು. ಅವರೆಕಾಯಿ ಕಾದಂಬರಿಗಾರ್ತಿ ಎಂದು ನಾವೆಲ್ಲ ಗೇಲಿ ಮಾಡಿದೆವು. ಅವಳೂ ನಮ್ಮ ಜೊತೆ ನಕ್ಕಳೇ ಹೊರತು ಜಗ್ಗಲಿಲ್ಲ.

ನಾಲ್ಕನೆಯವರು ಒಂದು ಸಾಲೂ ಮುಟ್ಟದೆ ಹೋದ ತಿಂಗಳು ಪುಸ್ತಕ ತಂದರು. ಅಂಥದ್ದೇನಿದೆಯಪ್ಪಾ ಎಂದು ನಾನು ಮೊದಲು ತೆಗೆದದ್ದು ಏಳನೇ ಅಧ್ಯಾಯವನ್ನೇ. ಹೆಂಗಸೊಬ್ಬಳು ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಹುಳ ಸಿಕ್ಕರೆ "ಓಗಮ್ಮಾ, ನಿನ್ ಮನೆಗೋಗು" ಎಂದು ಮೆಲ್ಲಗೆ ಆಚೆ ಬಿಡುತ್ತಾಳೆ. ಸ್ಕೂಲಿನಿಂದ ಬಂದ ಮಗಳ ಮೂಗಿನ ಹತ್ತಿರ ಸೊಗಡು ಮೆತ್ತಿದ ಕೈ ಹಿಡಿದು "ಮೂಸ್ನೋಡು" ಎಂದು ನಗುತ್ತಾಳೆ.

ಆ ಮಗಳು ನಾನು. ಅಮ್ಮ ತೀರಿಕೊಂಡು ಐದು ವರ್ಷವಾಗಿತ್ತು.

ಅತ್ತೆಗೆ ಫೋನ್ ಮಾಡಿದೆ. ಹಲೋ ಅನ್ನುವಷ್ಟರಲ್ಲಿ ಅಳು ಬಂತು. ಅವಳೇ ಕೇಳಿದಳು: "ಏಳ್ನೇದು ಓದಿದ್ಯಾ? ತೆಗ್ದಾಕು, ತೆಗ್ದಾಕು ಅಂತಿದ್ರಲ್ಲ ಎಲ್ರೂ. ಅತ್ತಿಗೇನ ಒಂದ್ಸಲ ಕಳಿಸ್ಕೊಟ್ಟಿದ್ದೇ ಸಾಕಾಗಿತ್ತು ಕಣಮ್ಮಿ. ಇನ್ನೊಂದ್ಸಲ ನನ್ ಕೈಯಾರೆ ಎಂಗ್ ಕಳಿಸ್ಲಿ?"